ಕ್ಯಾಮೆರಾ ಚುಚ್ಚಿದರೂ ಕಂಪ್ಯೂಟರ್ ತುಟಿ ಬಿಚ್ಚದಿದ್ದಾಗ

ಮದುವೆ ಸೀಸನ್ನಿನಲ್ಲಿ ಕುಮಟೆಯ ನನ್ನ ರಿಪೇರಿ ಟೇಬಲ್ಲಿಗೆ ವಾರಕ್ಕೊಂದಾದರೂ ಇಂಥ ಫೋನು ಬರುತ್ತದೆ: "ಮಾರಾಯ್ರೆ, ಕ್ಯಾಮೆರಾ ಹೋಯ್ತು ಕಾಣ್ತದೆ. ಕಂಪ್ಯೂಟರಿಗೆ ಹಾಕಿದ್ರೆ ಎಂತದೂ ಬರೂದಿಲ್ಲ."

ಕ್ಯಾಮೆರಾ ಹೋಗಿರುವುದಿಲ್ಲ. ಫೋಟೋ ತೆಗೆಯುತ್ತದೆ, ತೆಗೆದದ್ದನ್ನು ಹಿಂದಿನ ಪರದೆಯಲ್ಲಿ ತೋರಿಸುತ್ತದೆ. ಕಂಪ್ಯೂಟರೂ ಹೋಗಿರುವುದಿಲ್ಲ, ಪೆನ್‌ಡ್ರೈವ್ ಹಾಕಿದರೆ ಓದುತ್ತದೆ. ಇಬ್ಬರೂ ಗಟ್ಟಿಮುಟ್ಟಾಗಿದ್ದು ಮಾತು ಮಾತ್ರ ಬಿಟ್ಟಿರುತ್ತಾರೆ. ಇದು ಗೊತ್ತಾಗದೆ ಹೊಸ ಕೇಬಲ್ ಕೊಂಡು, ವಿಂಡೋಸ್ ಹೊಸದಾಗಿ ಹಾಕಿಸಿ, ಅದೂ ಸಾಲದೆಂದು ಕ್ಯಾಮೆರಾವನ್ನು ಹುಬ್ಬಳ್ಳಿಗೆ ಸರ್ವಿಸಿಗೆ ಕಳಿಸಿದವರೊಬ್ಬರಿದ್ದಾರೆ. ಮೂರೂ ಒಂದೇ ವಾರದಲ್ಲಿ. ಅವರ ತೊಂದರೆ ಇದ್ದದ್ದು ಕ್ಯಾಮೆರಾದ ಮೆನುವಿನ ಒಂದು ಸಾಲಿನಲ್ಲಿ.

"ಎಂತದೂ ಬರೂದಿಲ್ಲ" ಎಂಬುದು ಒಂದು ಕಾಯಿಲೆಯ ಹೆಸರಲ್ಲ, ಮೂರು ಕಾಯಿಲೆಗಳಿಗೆ ಇರುವ ಒಂದೇ ಹೆಸರು. ಯಾವುದು ಎಂದು ಗೊತ್ತಾಗುವ ತನಕ ಕಿಸೆಗೆ ಕೈ ಹಾಕಬೇಡಿ. ಗೊತ್ತಾಗಲು ಐದು ನಿಮಿಷ ಸಾಕು.

ಫೋಟೋ ಮೊದಲು, ಪತ್ತೇದಾರಿಕೆ ಆಮೇಲೆ

ಕಾರ್ಡಿನಲ್ಲಿ ಇನ್ನೊಬ್ಬರ ಮನೆಯ ಮದುವೆ ಕುಳಿತಿದೆ ಎಂದಾದರೆ ಮೊದಲು ಅದನ್ನು ದಡ ಸೇರಿಸಿ. ಕ್ಯಾಮೆರಾ ಆಫ್ ಮಾಡಿ ಕಾರ್ಡ್ ತೆಗೆಯಿರಿ. ಎಸ್‌ಡಿ ಕಾರ್ಡಾದರೆ ಪಕ್ಕದ ಸಣ್ಣ ಲಾಕನ್ನು ಕೆಳಗೆ ಎಳೆದು, ಕಾರ್ಡ್ ರೀಡರಿಗೆ ಹಾಕಿ ಕಾಪಿ ಮಾಡಿಕೊಳ್ಳಿ.

ಇಲ್ಲೇ ಒಂದು ಹೊಂಡವಿದೆ. ಹಳೆಯ ರೀಡರಿಗೆ ಹೊಸ ಕಾರ್ಡ್ ಹಾಕಿದಾಗ ವಿಂಡೋಸ್ ಕೆಲವೊಮ್ಮೆ "ಈ ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಿ" ಎಂದು ಕೇಳುತ್ತದೆ. ಮಾಡಬೇಡಿ. ಕಾರ್ಡ್ ಕೆಟ್ಟಿರಬೇಕೆಂದಿಲ್ಲ, ಓದುವವನಿಗೆ ಲಿಪಿ ಬಾರದೆಯೂ ಇರಬಹುದು. ಮೊದಲಿನ ಎಸ್‌ಡಿ ಕಾರ್ಡುಗಳು 2 ಜಿಬಿಯವರೆಗೆ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ 32 ಜಿಬಿಯವರೆಗೆ. ಅದಕ್ಕೂ ದೊಡ್ಡವು ಎಸ್‌ಡಿಎಕ್ಸ್‌ಸಿ, ಅವು ಬಳಸುವುದು ಎಕ್ಸ್‌ಫ್ಯಾಟ್ ಎಂಬ ಬೇರೆ ಕಡತ ವ್ಯವಸ್ಥೆ. ಹೊರಗಿನ ಆಕಾರ ಮೂರಕ್ಕೂ ಒಂದೇ, ಹಾಗಾಗಿಯೇ ಮೋಸ. ಬರೀ ಎಸ್‌ಡಿ ಕಾಲದ ರೀಡರಿಗೆ 16 ಜಿಬಿ ಕಾರ್ಡ್ ಅರ್ಥವಾಗುವುದಿಲ್ಲ. ಹಳೆಯ ವಿಂಡೋಸ್ ಎಕ್ಸ್‌ಪಿ ಇರುವ ಯಂತ್ರಕ್ಕೆ ಅಪ್‌ಡೇಟ್ ಹಾಕದೆ 64 ಜಿಬಿ ಕಾರ್ಡ್ ಅರ್ಥವಾಗುವುದಿಲ್ಲ. ಫಾರ್ಮ್ಯಾಟ್ ಕೇಳಿದರೆ ರದ್ದು ಒತ್ತಿ, ಬೇರೆ ರೀಡರ್ ಹುಡುಕಿ.

ಮೊದಲು ಕಿವಿ, ಆಮೇಲೆ ಕೈ

ಕೇಬಲ್ ಹಾಕಿದ ಕ್ಷಣದಲ್ಲಿ ಒಳಗೆ ನಡೆಯುವುದು ಹೊಸಬರು ಮನೆಗೆ ಬಂದಾಗ ನಡೆಯುವಂಥದ್ದೇ. ಕ್ಯಾಮೆರಾ ತನ್ನ ಎರಡು ಡೇಟಾ ತಂತಿಗಳಲ್ಲಿ ಒಂದನ್ನು 1.5 ಕಿಲೋ ಓಮ್‌ನ ರೆಸಿಸ್ಟರ್ ಮೂಲಕ 3.3 ವೋಲ್ಟಿಗೆ ಎತ್ತಿ ಹಿಡಿಯುತ್ತದೆ. ಅದು ಬಾಗಿಲು ಬಡಿದದ್ದು. ಕಂಪ್ಯೂಟರ್ "ಯಾರು?" ಎನ್ನುತ್ತದೆ. ಕ್ಯಾಮೆರಾ ತನ್ನ ಕಂಪನಿಯ ಸಂಖ್ಯೆ, ಮಾದರಿಯ ಸಂಖ್ಯೆ, ತನಗೆಷ್ಟು ಕರೆಂಟ್ ಬೇಕು, ತಾನು ಬಲ್ಲ ಭಾಷೆ ಯಾವುದು, ಎಲ್ಲ ಹೇಳುತ್ತದೆ. ಅದು ಹೆಸರು ಹೇಳಿದ್ದು. ಆ ಭಾಷೆಗೆ ತಕ್ಕ ಡ್ರೈವರನ್ನು, ಅಂದರೆ ಆ ಭಾಷೆ ಬಲ್ಲ ತಂತ್ರಾಂಶವನ್ನು, ಕಂಪ್ಯೂಟರ್ ಎಬ್ಬಿಸಿದ ಮೇಲೆ ಮಾತುಕತೆ. ಕೆಡುವುದು ಈ ಮೂರರಲ್ಲಿ ಯಾವುದೋ ಒಂದು ಕಡೆ.

ಎಲ್ಲಿ ಎಂದು ತಿಳಿಯಲು ಸ್ಪೀಕರಿನ ದನಿ ಏರಿಸಿ. ಕಂಪ್ಯೂಟರಿಗೆ ಜೋಡಿಸಿದ ಸಾಧನಗಳ ಪಟ್ಟಿಯಾದ ಡಿವೈಸ್ ಮ್ಯಾನೇಜರ್ ತೆರೆದಿಡಿ (ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಸಿಗುತ್ತದೆ). ಈಗ ಕ್ಯಾಮೆರಾದ ಕೇಬಲ್ ಹಾಕಿ ಪಟ್ಟಿಯನ್ನೇ ನೋಡುತ್ತಿರಿ. ಸದ್ದೂ ಇಲ್ಲ, ಪಟ್ಟಿ ಮಿಸುಕಲೂ ಇಲ್ಲ ಎಂದರೆ ಬಾಗಿಲೇ ಬಡಿದಿಲ್ಲ. ಸದ್ದು ಬಂದು ಪಟ್ಟಿಯಲ್ಲಿ "ಅನ್‌ನೋನ್ ಯುಎಸ್‌ಬಿ ಡಿವೈಸ್" ಎಂದು ಕಂಡರೆ ಬಾಗಿಲು ಬಡಿದದ್ದು ಕೇಳಿದೆ, ಹೆಸರು ಕೇಳಿಸಿಲ್ಲ. ಕ್ಯಾಮೆರಾದ ಹೆಸರೇ ಸರಿಯಾಗಿ ಬಂದು ಚಿತ್ರ ಮಾತ್ರ ಸಿಗದಿದ್ದರೆ ತಕರಾರು ಭಾಷೆಯದು. ಒಂದು ಕಡೆಯ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ. ಪಟ್ಟಿ ಮಿಸುಕದೇ ಇರುವಾಗ ಡ್ರೈವರ್ ಡೌನ್‌ಲೋಡ್ ಮಾಡುತ್ತ ಕೂರುವುದು ಮೈನೋವಿಗೆ ಕನ್ನಡಕ ಮಾಡಿಸಿದ ಹಾಗೆ.

ಸದ್ದೇ ಇಲ್ಲ

ಕ್ಯಾಮೆರಾ ಆನ್ ಇದೆಯೇ? ನಗಬೇಡಿ, ನಾನೇ ಹತ್ತು ನಿಮಿಷ ಬೆವರಿದ್ದೇನೆ. ಕೆಲವು ಪುಟ್ಟ ಕ್ಯಾಮೆರಾಗಳು ಪ್ಲೇಬ್ಯಾಕ್ ಗುಂಡಿ ಒತ್ತಿದ ಮೇಲೆಯೇ ಯುಎಸ್‌ಬಿಗೆ ತೆರೆದುಕೊಳ್ಳುತ್ತವೆ. ಬ್ಯಾಟರಿ ಕೊನೆಯ ಗೆರೆಗೆ ಬಂದಿದ್ದರೆ ಮೊದಲು ಚಾರ್ಜ್ ಮಾಡಿ.

ವೈಫೈ ನೋಡಿ. ಕ್ಯಾನನ್ 6ಡಿ, 70ಡಿಯಂಥ ಕ್ಯಾಮೆರಾಗಳಲ್ಲಿ ಮೆನುವಿನಲ್ಲಿ ವೈಫೈ ಆನ್ ಇದ್ದರೆ ಕೇಬಲ್ ಸಂಪರ್ಕ ನಡೆಯುವುದೇ ಇಲ್ಲ. ಕೆಟ್ಟದ್ದಲ್ಲ, ಅದನ್ನು ಮಾಡಿದ್ದೇ ಹಾಗೆ. ಫೋನಿಗೆ ಫೋಟೋ ಕಳಿಸಲು ಹಿಂದಿನ ದಿನ ವೈಫೈ ಹಾಕಿ, ತೆಗೆಯಲು ಮರೆತು, ಮರುದಿನ ಕ್ಯಾಮೆರಾ ಸತ್ತಿತು ಎನ್ನುವವರು ಬಹಳ.

ಇವೆರಡೂ ಸರಿ ಇದ್ದರೆ ಕೇಬಲ್. ಕೇಬಲಿನ ವಿಷಯದಲ್ಲಿ ನಾನು ಸ್ವಲ್ಪ ಉದ್ದ ಮಾತಾಡುವವನು, ತಾಳ್ಮೆ ಇರಲಿ.

ಯುಎಸ್‌ಬಿ 2.0 ಕೇಬಲಿನೊಳಗೆ ನಾಲ್ಕು ತಂತಿ. ಕೆಂಪು ಮತ್ತು ಕಪ್ಪು ಕರೆಂಟಿಗೆ, ಬಿಳಿ ಮತ್ತು ಹಸಿರು ಡೇಟಾಕ್ಕೆ. ಪವರ್‌ಬ್ಯಾಂಕು, ಬ್ಲೂಟೂತ್ ಸ್ಪೀಕರುಗಳ ಜೊತೆ ಬರುವ ಎಷ್ಟೋ ಕೇಬಲುಗಳಲ್ಲಿ ಬಿಳಿ-ಹಸಿರು ಹಾಕಿಯೇ ಇರುವುದಿಲ್ಲ. ಚಾರ್ಜಿಗೆ ಅವು ಬೇಡ, ತಯಾರಿಸುವವನಿಗೆ ತಾಮ್ರ ಉಳಿಯಿತು. ಅಂಥ ಕೇಬಲ್ ಹಾಕಿದರೆ ಕ್ಯಾಮೆರಾದಲ್ಲಿ ಚಾರ್ಜಿನ ದೀಪವೂ ಹತ್ತಬಹುದು, ನೀವು "ಕನೆಕ್ಟ್ ಆಗಿದೆಯಲ್ಲ" ಎಂದುಕೊಳ್ಳುತ್ತೀರಿ. ಪರೀಕ್ಷೆ ಸುಲಭ. ಅದೇ ಕೇಬಲಿನಲ್ಲಿ ಮೊಬೈಲನ್ನು ಕಂಪ್ಯೂಟರಿಗೆ ಹಾಕಿ, ಕಡತ ವರ್ಗಾವಣೆ ಆರಿಸಿ. ಫೋನಿನ ಫೋಟೋ ಕಂಡರೆ ಕೇಬಲಿನಲ್ಲಿ ಡೇಟಾ ಇದೆ. ಹಳೆಯ ಮಿನಿ ಯುಎಸ್‌ಬಿ ಕೇಬಲ್ ಫೋನಿಗೆ ಹೊಂದದು, ಅದಕ್ಕೆ ಮಲ್ಟಿಮೀಟರ್ ಹಿಡಿದು ತುದಿಯಿಂದ ತುದಿಗೆ ನೋಡಬೇಕು.

ಮಿನಿ ಎಂದೆನಲ್ಲ, ಅದರಲ್ಲೂ ಎರಡು ಜಾತಿ. ಸಾಮಾನ್ಯ ಮಿನಿ-ಬಿಗೆ 5 ಪಿನ್. ನಿಕಾನ್ ಕೂಲ್‌ಪಿಕ್ಸ್‌ನ ಹಲವು ಮಾದರಿಗಳಿಗೆ ಬರುತ್ತಿದ್ದ ಯುಸಿ-ಇ6 ಕೇಬಲಿನ ಕ್ಯಾಮೆರಾ ತುದಿ ಚಪ್ಪಟೆಯಾದ 8 ಪಿನ್ನಿನದು. ದೂರದಿಂದ ನೋಡಿದರೆ ಅಣ್ಣ-ತಮ್ಮ, ಹಾಕಲು ಹೋದರೆ ಒಂದರೊಳಗೆ ಒಂದು ಹೋಗುವುದಿಲ್ಲ. ಒತ್ತಿ ತುರುಕಿದವರ ಕ್ಯಾಮೆರಾಗಳ ಒಳಗಿನ ನಾಲಿಗೆ ಮುರಿದದ್ದನ್ನು ಕಂಡಿದ್ದೇನೆ. ಒತ್ತಡ ಬೇಕೆನಿಸಿದರೆ ಅದು ಬೇರೆಯ ಕೇಬಲ್ ಎಂದೇ ಲೆಕ್ಕ.

ಇನ್ನು ನಿಕಾನ್ ಡಿ800, ಕ್ಯಾನನ್ 5ಡಿ ಮಾರ್ಕ್ 4 ತರಹದವುಗಳಲ್ಲಿ ಎರಡು ಕೋಣೆಯ ಅಗಲ ಬಾಯಿ ಇರುತ್ತದೆ, ಯುಎಸ್‌ಬಿ 3.0ರ ಮೈಕ್ರೋ-ಬಿ. ಅದರ ಕೇಬಲ್ ಕುಮಟೆಯ ಅಂಗಡಿಗಳಲ್ಲಿ ಕೇಳಿದ ತಕ್ಷಣ ಸಿಗುವುದು ಕಷ್ಟ. ಆದರೆ ಅದರ ದೊಡ್ಡ ಕೋಣೆಗೆ ಹಳೆಯ ಫೋನುಗಳ ಮಾಮೂಲಿ ಮೈಕ್ರೋ ಯುಎಸ್‌ಬಿ ಕೇಬಲ್ ಸರಿಯಾಗಿ ಕೂರುತ್ತದೆ. 2.0ರ ವೇಗ ಮಾತ್ರ ಸಿಗುತ್ತದೆ, ರಾತ್ರೋರಾತ್ರಿ ಫೋಟೋ ಕಂಪ್ಯೂಟರಿಗೆ ಇಳಿಸಬೇಕಾದಾಗ ಅಷ್ಟು ಸಾಕು. ಟೈಪ್-ಸಿ ಕಾಲದಲ್ಲಿ ಗೊಂದಲ ಮುಗಿಯಿತು ಎಂದು ನಾನೂ ಖುಷಿಪಟ್ಟಿದ್ದೆ. ಮುಗಿದಿಲ್ಲ. ಲ್ಯಾಪ್‌ಟಾಪ್ ಚಾರ್ಜರಿನ ದಪ್ಪ ಸಿ-ಟು-ಸಿ ಕೇಬಲ್ ಎಷ್ಟೋ ಸಲ ಒಳಗೆ ಬರೀ 2.0 ಆಗಿರುತ್ತದೆ.

ನಮ್ಮ ಊರಿನದೇ ಒಂದು ಕಾಯಿಲೆ ಇದೆ: ಉಪ್ಪುಗಾಳಿ. ಕಾರವಾರದಲ್ಲೋ ಗೋಕರ್ಣದಲ್ಲೋ ಕಡಲ ದಂಡೆಯಲ್ಲಿ ಸಂಜೆ ಫೋಟೋ ತೆಗೆದು, ಒದ್ದೆ ಚೀಲಕ್ಕೆ ಹಾಕಿ, ಮಳೆಗಾಲ ಪೂರ್ತಿ ಕಪಾಟಿನಲ್ಲಿಟ್ಟ ಕ್ಯಾಮೆರಾದ ಯುಎಸ್‌ಬಿ ಬಾಯಿಗೆ ಟಾರ್ಚ್ ಹಿಡಿದು ನೋಡಿ. ಪಿನ್ನುಗಳ ಮೇಲೆ ತಾಮ್ರದ ಚೊಂಬಿನ ಕಿಲುಬಿನಂಥ ಹಸಿರು ಕಂಡರೆ ಕಾರಣ ಸಿಕ್ಕಿತು. ಘಟ್ಟದ ಮೇಲಿನವರಿಗೆ ಉಪ್ಪಿನ ಬದಲು ಕೆಂಪು ಧೂಳು; ಶಿರಸಿ, ಯಲ್ಲಾಪುರದ ಕಡೆಯ ಕ್ಯಾಮೆರಾಗಳ ರಬ್ಬರ್ ಮುಚ್ಚಳದ ಹಿಂದೆ ನುಣ್ಣನೆಯ ಚಿರೆಕಲ್ಲಿನ ಪುಡಿ ಕೂತಿರುತ್ತದೆ. ಬ್ಯಾಟರಿ ತೆಗೆದು, ಮೆತ್ತನೆಯ ಬ್ರಶ್ಶಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದೆರಡು ಹನಿ ಹಾಕಿ, ಮೆಲ್ಲಗೆ ಉಜ್ಜಿ, ಅರ್ಧ ಗಂಟೆ ಒಣಗಲು ಬಿಡಿ. ಸೂಜಿ ಬೇಡ, ಬ್ಲೇಡ್ ಬೇಡ. ಹೊನ್ನಾವರದ ಕಡೆಯ ಹಿರಿಯರೊಬ್ಬರು ತೆಂಗಿನೆಣ್ಣೆ ಬಿಟ್ಟು ತಂದಿದ್ದರು. "ಬಾಗಿಲ ತಿರುಗಣಿಗೆ ಬಿಟ್ರೆ ಆಗ್ತದಲ್ಲ" ಎಂಬ ಅವರ ವಾದಕ್ಕೆ ನನ್ನ ಬಳಿ ಒಳ್ಳೆಯ ಉತ್ತರ ಇರಲಿಲ್ಲ, ಆದರೆ ಆ ಎಣ್ಣೆ ತೆಗೆಯಲು ಒಂದು ಮಧ್ಯಾಹ್ನ ಹೋಯಿತು.

ಸದ್ದು ಬಂತು, ಹೆಸರು ತೊದಲಿತು

ಶಿರಸಿಯ ಒಂದು ಸ್ಟುಡಿಯೋ. ಬೇಡರ ವೇಷದ ರಾತ್ರಿ ತೆಗೆದ ಫೋಟೋಗಳು ಕ್ಯಾಮೆರಾದಲ್ಲಿ. ಡೆಸ್ಕ್‌ಟಾಪಿಗೆ ಹಾಕಿದರೆ "ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್", ಹಳದಿ ತ್ರಿಕೋನ, ಕೋಡ್ 43. ಅದೇ ಕೇಬಲ್, ಅದೇ ಕ್ಯಾಮೆರಾ, ತಂಗಿಯ ಲ್ಯಾಪ್‌ಟಾಪಿನಲ್ಲಿ ಸರಿ. "ಪೋರ್ಟ್ ಹಾಳಾಜಿಲ್ಲೆ, ಮೌಸ್ ಅದರಲ್ಲೇ ಓಡ್ತು" ಎಂದರು ಸ್ಟುಡಿಯೋದವರು.

ಮೌಸ್ ಓಡುತ್ತದೆ ಎಂಬುದು ಸಾಕ್ಷಿಯೇ ಅಲ್ಲ. ಸಾಮಾನ್ಯ ಮೌಸ್ ಮಾತಾಡುವುದು ಸೆಕೆಂಡಿಗೆ 1.5 ಮೆಗಾಬಿಟ್ ವೇಗದಲ್ಲಿ. 2.0 ಕ್ಯಾಮೆರಾ 480 ಮೆಗಾಬಿಟ್ ದಾರಿಗೆ ಏರಬೇಕು. ಎತ್ತಿನಗಾಡಿ ಹೋದ ರಸ್ತೆಯಲ್ಲಿ ಬಸ್ಸು ಹೋಗಬೇಕೆಂದೇನೂ ಇಲ್ಲ.

ನಾವೆಲ್ಲ ಸಿಪಿಯು ಎಂದು ಕರೆಯುವ ಆ ಡಬ್ಬದ ಮುಂದಿನ ಪೋರ್ಟುಗಳು ಮದರ್‌ಬೋರ್ಡಿನ ಮೇಲೆ ಇರುವುದಿಲ್ಲ. ಒಳಗಿನಿಂದ ಒಂದು ತೆಳು ಕೇಬಲ್ ಎಳೆದು, ಬೋರ್ಡಿನ ಪಿನ್ನುಗಳಿಗೆ ಸಿಕ್ಕಿಸಿರುತ್ತಾರೆ. ಅಗ್ಗದ ಕ್ಯಾಬಿನೆಟ್ಟಿನಲ್ಲಿ ಆ ಕೇಬಲಿಗೆ ಸರಿಯಾದ ಕವಚವೂ ಇರುವುದಿಲ್ಲ, ಬೆಸುಗೆಯೂ ಅಷ್ಟಕ್ಕಷ್ಟೆ. ಹಿಂದಿನ ಪೋರ್ಟುಗಳು ನೇರ ಬೋರ್ಡಿನ ಮೇಲೆಯೇ ಕೂತಿರುತ್ತವೆ. ಅವರಿಗೆ ಹೇಳಿದೆ: ಡಬ್ಬ ತಿರುಗಿಸಿ, ಹಿಂದೆ ಹಾಕಿ. ಹಾಕಿದರು, ಬಂತು.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಕಂಪ್ಯೂಟರ್ ಬದಿಯ ಆಯತಾಕಾರದ ಟೈಪ್-ಎ ಬಾಯಿಗೆ ನಿಗದಿಯಾದ ಆಯುಷ್ಯ 1,500 ಸಲ ಹಾಕಿ ತೆಗೆಯುವಷ್ಟು. ಮಿನಿಗೆ 5,000, ಮೈಕ್ರೋಗೆ 10,000. ದಿನಕ್ಕೆ ಐದು ಸಲ ಮುಂದಿನ ಪೋರ್ಟಿಗೇ ಚುಚ್ಚುವ ಸ್ಟುಡಿಯೋದಲ್ಲಿ 300 ದಿನಕ್ಕೆ ಲೆಕ್ಕ ತೀರಿತು. ಮಾರನೆಯ ದಿನವೇ ಸಾಯುವುದಿಲ್ಲ, ಆದರೆ ಸ್ಪ್ರಿಂಗು ಸಡಿಲಾಗುತ್ತದೆ, ಕೇಬಲ್ ಅಲುಗಿದರೆ ಸಂಪರ್ಕ ತಪ್ಪುತ್ತದೆ. ಹಾಗಾಗಿ ಸ್ಟುಡಿಯೋದವರಿಗೆ ಹಿಂದಿನ ಪೋರ್ಟಿಗೆ ಒಂದು ಗಿಡ್ಡ ಒಳ್ಳೆಯ ಎಕ್ಸ್‌ಟೆನ್ಶನ್ ಶಾಶ್ವತವಾಗಿ ಹಾಕಿಡಿ, ಸವೆಯುವುದಿದ್ದರೆ ಅದು ಸವೆಯಲಿ ಎನ್ನುತ್ತೇನೆ. ಒಟ್ಟು ಉದ್ದ 5 ಮೀಟರ್ ದಾಟಬಾರದು. ಕಳಪೆ ಕೇಬಲಾದರೆ ಎರಡು ಮೀಟರಿಗೇ ತೊದಲುತ್ತದೆ.

ಕ್ಯಾಮೆರಾ ನಿಜಕ್ಕೂ ಹೆಸರು ಹೇಳಿದೆಯೇ ಎಂದು ನೋಡಲು ಆ ಅನ್‌ನೋನ್ ಸಾಲಿನ ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ಆರಿಸಿ. ವಿಐಡಿ ಎಂಬುದರ ಮುಂದೆ 04ಎ9 ಇದ್ದರೆ ಕ್ಯಾನನ್, 04ಬಿ0 ನಿಕಾನ್, 054ಸಿ ಸೋನಿ, 04ಸಿಬಿ ಫ್ಯೂಜಿಫಿಲ್ಮ್. ಅಲ್ಲಿ ಬರೀ 0000 ಇದ್ದರೆ ಹೆಸರು ಹೇಳುವ ಮುಂಚೆಯೇ ಮಾತು ಕಡಿದಿದೆ. ಆಗ ಮೊದಲು ತಂತಿ, ಪೋರ್ಟು, ಕರೆಂಟನ್ನು ಹಿಡಿಯಿರಿ, ಕ್ಯಾಮೆರಾದ ಡ್ರೈವರ್ ಹುಡುಕಿ ಉಪಯೋಗವಿಲ್ಲ. ಕಂಪನಿಯ ಸಂಖ್ಯೆ ಬಂದಿದ್ದೂ ಹಳದಿ ತ್ರಿಕೋನವಿದ್ದರೆ ಡ್ರೈವರಿನ ಕಡೆ ತಿರುಗಿ.

ಕರೆಂಟಿನ ಲೆಕ್ಕ ಹೀಗೆ. 2.0 ಪೋರ್ಟ್ 5 ವೋಲ್ಟಿನಲ್ಲಿ 500 ಮಿಲಿಆಂಪ್ ಕೊಡಬೇಕು, 3.0 ಪೋರ್ಟ್ 900. ಸ್ವಂತ ಅಡಾಪ್ಟರ್ ಇಲ್ಲದ ನಾಲ್ಕು ಬಾಯಿಯ ಹಬ್ ಆ 500ನ್ನೇ ಹಂಚಿ, ಒಂದೊಂದು ಬಾಯಿಗೆ 100 ಎಂದು ಲೆಕ್ಕ ಒಪ್ಪಿಸುತ್ತದೆ. ಬ್ಯಾಟರಿಯಲ್ಲಿ ಓಡುವ ಹಳೆಯ ಕ್ಯಾಮೆರಾಕ್ಕೆ ಇದು ತೊಂದರೆಯಲ್ಲ. ಯುಎಸ್‌ಬಿಯಿಂದಲೇ ಚಾರ್ಜ್ ಆಗುವ ಹೊಸ ಕ್ಯಾಮೆರಾ ಮಾತ್ರ ಹಸಿದು ಬಂದು ಪಾತ್ರೆ ಬರಿದು ಮಾಡುತ್ತದೆ. ಸೋನಿಯ ಹಲವು ಕ್ಯಾಮೆರಾಗಳಲ್ಲಿ "ಯುಎಸ್‌ಬಿ ಪವರ್ ಸಪ್ಲೈ" ಎಂಬ ಆಯ್ಕೆ ಇದೆ, ಅದನ್ನು ಆಫ್ ಮಾಡಿ ನೋಡಿ.

ನೀಲಿ ಬಾಯಿಯ 3.0 ಪೋರ್ಟ್ ಬಗ್ಗೆ ದೂರು ಹೆಚ್ಚು. 3.0 ಕೇಬಲಿನಲ್ಲಿ ವೇಗದ ಮಾತಿಗೆ ಬೇರೆ ತಂತಿಜೋಡಿಗಳಿವೆ, ಹಳೆಯ ಬಿಳಿ-ಹಸಿರು ಜೋಡಿ ಹಾಗೆಯೇ ಉಳಿದಿದೆ. ಹಾಗಾಗಿ ಹಳೆಯ ಕ್ಯಾಮೆರಾ ಅದರಲ್ಲಿ ನಡೆಯಬೇಕು, ಬಹಳಷ್ಟು ನಡೆಯುತ್ತವೆ ಕೂಡ. ಕೆಲವು ಮಾತ್ರ ಆ ಕಂಟ್ರೋಲರ್ ಚಿಪ್ಪಿನ ಜೊತೆ ಹೊಂದುವುದಿಲ್ಲ. ಕಪ್ಪು ಬಾಯಿಯ 2.0 ಪೋರ್ಟ್ ಇದ್ದರೆ ಅಲ್ಲಿಗೆ ಹಾಕಿ. ಹೊಸ ಲ್ಯಾಪ್‌ಟಾಪಿನಲ್ಲಿ ಎಲ್ಲವೂ 3.0 ಆಗಿದ್ದರೆ ಹಳೆಯದೊಂದು 2.0 ಹಬ್ ನಡುವೆ ಇಡಿ. ಮಧ್ಯಸ್ಥನ ಮೂಲಕ ಮಾತು ಕೂಡಿಬರುತ್ತದೆ. ಗಂಡು-ಹೆಣ್ಣಿನ ಕಡೆಯವರ ನಡುವೆ ಅಡಿಕೆ ವ್ಯಾಪಾರದ ಮಾವ ಕೂತ ಹಾಗೆ. ನನ್ನ ಡ್ರಾಯರಿನಲ್ಲಿ ಇದಕ್ಕೆಂದೇ ಮೂರು ಹಳೆಯ ಹಬ್‌ಗಳಿವೆ, ಯಾರು ಕೇಳಿದರೂ ಮಾರುವುದಿಲ್ಲ.

ವಿಂಡೋಸ್ 7ರಲ್ಲಿ 3.0ಕ್ಕೆ ಡ್ರೈವರ್ ಒಳಗೇ ಬರುವುದಿಲ್ಲ, ಬೋರ್ಡಿನ ಕಂಪನಿಯದನ್ನು ಹಾಕಬೇಕು. ವಿಂಡೋಸ್ 8ರಿಂದ ಒಳಗೇ ಇದೆ. ಎಎಮ್‌ಡಿ 500 ಸರಣಿಯ ಬೋರ್ಡುಗಳಲ್ಲಿ ಯುಎಸ್‌ಬಿ ಆಗಾಗ ಕಡಿಯುವ ತೊಂದರೆಯನ್ನು ಕಂಪನಿಯೇ 2021ರಲ್ಲಿ ಒಪ್ಪಿ ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಕೊಟ್ಟಿತು, ಆ ಕಾಲದ ಯಂತ್ರವಾದರೆ ಬಯೋಸ್ ಹೊಸದಿದೆಯೇ ನೋಡಿ.

ಒಮ್ಮೆ ತೊದಲಿದ ಪೋರ್ಟ್ ಕೆಲವೊಮ್ಮೆ ಹಟ ಹಿಡಿದು ಕೂರುತ್ತದೆ. ಶಟ್‌ಡೌನ್ ಮಾಡಿ ಆನ್ ಮಾಡಿದರೂ ಬದಲಾಗುವುದಿಲ್ಲ, ಯಾಕೆಂದರೆ ಫಾಸ್ಟ್ ಸ್ಟಾರ್ಟಪ್ ಇರುವ ವಿಂಡೋಸ್ ಶಟ್‌ಡೌನ್ ಆಗುವಾಗ ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಮರಳಿ ಅದನ್ನೇ ಎತ್ತಿಕೊಳ್ಳುತ್ತದೆ. ರಿಸ್ಟಾರ್ಟ್ ಕೊಟ್ಟರೆ ಪೂರ್ತಿ ಹೊಸದಾಗಿ ಏಳುತ್ತದೆ. ಅದಕ್ಕೂ ಬಗ್ಗದಿದ್ದರೆ ಯಂತ್ರ ಆರಿಸಿ, ಗೋಡೆಯ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಆಫ್ ಆದಂತೆ ಕಂಡರೂ ಬೋರ್ಡಿನಲ್ಲಿ 5 ವೋಲ್ಟ್ ಸ್ಟ್ಯಾಂಡ್‌ಬೈ ಓಡುತ್ತಲೇ ಇರುತ್ತದೆ, ಅದು ಇಳಿದ ಮೇಲೆಯೇ ಪೋರ್ಟಿಗೆ ನಿಜವಾದ ನಿದ್ದೆ.

ಅರ್ಧ ಕಾಪಿಯಾಗಿ ಕಡಿಯುತ್ತಿದ್ದರೆ ಕ್ಯಾಮೆರಾದ ಆಟೋ ಪವರ್ ಆಫ್ ತೆಗೆಯಿರಿ. ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿರುವ ಟಿಕ್ ಗುರುತನ್ನೂ ತೆಗೆಯಿರಿ. ಇನ್ನು ಕಾಪಿ ಆಗುತ್ತದೆ, ಆದರೆ 16 ಜಿಬಿಗೆ ನಾಲ್ಕು ಗಂಟೆ ಬೇಕು ಎನ್ನುವವರು: ನಿಮ್ಮ ಕ್ಯಾಮೆರಾ 480ಕ್ಕೆ ಏರಲಾರದೆ 12 ಮೆಗಾಬಿಟ್ ಗಾಡಿಯಲ್ಲೇ ಕೂತಿದೆ. ಆ ಗಾಡಿ ಸೆಕೆಂಡಿಗೆ ಸುಮಾರು ಒಂದು ಮೆಗಾಬೈಟ್ ಮಾತ್ರ ಹೊರುತ್ತದೆ. ಕೇಬಲ್ ಬದಲಿಸಿ, ಪೋರ್ಟ್ ಬದಲಿಸಿ.

ಚುರುಗುಟ್ಟುವ ಡಬ್ಬ

ಇದು ಸ್ವಲ್ಪ ದಾರಿ ಬಿಟ್ಟ ಮಾತು, ಆದರೆ ಹಳ್ಳಿ ಮನೆಗಳಲ್ಲಿ ಪೋರ್ಟ್ ಸುಟ್ಟ ಕೇಸುಗಳನ್ನು ನೋಡಿ ನೋಡಿ ಬರೆಯುತ್ತಿದ್ದೇನೆ. ಬರಿಗಾಲಲ್ಲಿ ನಿಂತು ಸಿಪಿಯು ಡಬ್ಬದ ಲೋಹ ಮುಟ್ಟಿದರೆ ಚುರ್ ಎನ್ನುತ್ತದೆಯೇ? ಟೆಸ್ಟರ್ ಹತ್ತುತ್ತದೆಯೇ? ನಿಮ್ಮಲ್ಲಿ ಅರ್ಥಿಂಗ್ ಇಲ್ಲ. ಕಂಪ್ಯೂಟರಿನ ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಅರ್ಥ್ ಸಿಗದಾಗ ಡಬ್ಬವನ್ನು ಗೋಡೆಯ 230 ವೋಲ್ಟಿನ ಸುಮಾರು ಅರ್ಧಕ್ಕೆ ತೇಲಿಸಿಡುತ್ತವೆ. ಮಲ್ಟಿಮೀಟರಿನಲ್ಲಿ ನೂರರ ಆಸುಪಾಸು ತೋರಿಸುವುದುಂಟು. ಹರಿಯುವ ಕರೆಂಟ್ ಅತ್ಯಲ್ಪ, ಹಾಗಾಗಿ ಬರೀ ಚುರ್. ಆದರೆ ಯುಎಸ್‌ಬಿ ಬಾಯಿಯ ಲೋಹವೂ ಆ ಡಬ್ಬಕ್ಕೇ ಸೇರಿದ್ದು.

ಕ್ಯಾಮೆರಾ ಬ್ಯಾಟರಿಯಲ್ಲಿದ್ದರೆ ಅದೂ ಜೊತೆಗೆ ತೇಲುತ್ತದೆ, ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅದೇ ಕ್ಯಾಮೆರಾದಿಂದ ಎಚ್‌ಡಿಎಮ್‌ಐ ವೈರ್ ಟಿವಿಗೆ, ಟಿವಿಗೆ ಛಾವಣಿಯ ಡಿಶ್‌ನ ವೈರ್, ಹೀಗೆ ಸರಪಳಿ ಬೆಳೆದರೆ ಎರಡು ಕಡೆಯ ವ್ಯತ್ಯಾಸ ಕ್ಯಾಮೆರಾದ ಮೂಲಕ ಹರಿಯುತ್ತದೆ. ಅದರ ಮೇಲೆ ಮೇ ತಿಂಗಳ ಸಿಡಿಲು. ಬೇಸಿಗೆಯಲ್ಲಿ ಚಿರೆಕಲ್ಲಿನ ನೆಲ ಒಣಗಿ ಅರ್ಥಿಂಗ್ ಹೊಂಡ ಇದ್ದೂ ಇಲ್ಲದಂತಾಗುತ್ತದೆ, ನೀರು ಹಾಕುತ್ತಿರಬೇಕು. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ಹಾಕಿದ್ದರೆ ಕ್ಯಾಮೆರಾದ ತನಿಖೆ ನಿಲ್ಲಿಸಿ, ಮೊದಲು ಎಲೆಕ್ಟ್ರಿಶಿಯನ್ ಕರೆಸಿ.

ಹೆಸರು ಬಂತು, ಫೋಟೋ ಬರಲಿಲ್ಲ

ತಂತಿ ಸರಿ, ಪೋರ್ಟ್ ಸರಿ. ಡಿವೈಸ್ ಮ್ಯಾನೇಜರಿನಲ್ಲಿ ಕ್ಯಾಮೆರಾದ ಹೆಸರಿದೆ. ಆದರೆ "ಮೈ ಕಂಪ್ಯೂಟರಿನಲ್ಲಿ ಇ, ಎಫ್ ಅಂತ ಡ್ರೈವ್ ಬರ್ತಿಲ್ಲೆ." ಬರುವುದೂ ಇಲ್ಲ!

ಕ್ಯಾಮೆರಾಗಳಿಗೆ ಎರಡು ಭಾಷೆ. ಒಂದು ಮಾಸ್ ಸ್ಟೋರೇಜ್, ಪೆನ್‌ಡ್ರೈವಿನಂತೆ ಕಾರ್ಡನ್ನೇ ಕಂಪ್ಯೂಟರಿನ ಕೈಗೆ ಕೊಟ್ಟುಬಿಡುವುದು. ಆಗ ಡ್ರೈವ್ ಅಕ್ಷರ ಬರುತ್ತದೆ. ಇನ್ನೊಂದು ಪಿಟಿಪಿ, ಐಎಸ್‌ಒ 15740 ಎಂಬ ಅಂತಾರಾಷ್ಟ್ರೀಯ ಮಾನಕ. ಮೈಕ್ರೋಸಾಫ್ಟ್ ಅದನ್ನೇ ಹಿಗ್ಗಿಸಿ ಎಂಟಿಪಿ ಮಾಡಿತು. ಇಲ್ಲಿ ಕಾರ್ಡ್ ಕ್ಯಾಮೆರಾದ ವಶದಲ್ಲೇ ಇರುತ್ತದೆ, ಕಂಪ್ಯೂಟರ್ ಒಂದೊಂದು ಚಿತ್ರವನ್ನು ಕೇಳಿ ಪಡೆಯಬೇಕು. ಹಾಗಾಗಿ ಡ್ರೈವ್ ಅಕ್ಷರ ಇಲ್ಲ; ಕ್ಯಾಮೆರಾದ ಗುರುತು (ಐಕಾನ್) ಮಾತ್ರ "ದಿಸ್ ಪಿಸಿ" ಒಳಗೆ ಕಾಣುತ್ತದೆ. ನಿಕಾನ್‌ನ ಡಿ70, ಡಿ80ರಂಥ ಹಳಬರ ಮೆನುವಿನಲ್ಲಿ ಎರಡೂ ಇದ್ದವು. ಈಗಿನ ಎಷ್ಟೋ ಡಿಎಸ್‌ಎಲ್‌ಆರ್‌ಗಳಲ್ಲಿ ಪಿಟಿಪಿ ಒಂದೇ. ಹಳೆಯ ಕ್ಯಾಮೆರಾದಿಂದ ಹೊಸದಕ್ಕೆ ಬಂದವರು ಡ್ರೈವ್ ಹುಡುಕಿ ಸುಸ್ತಾಗುವುದು ಇದರಿಂದಲೇ.

ಆ ಹಳೆಯ ನಿಕಾನ್‌ಗಳ ಕಾಲದ ಕ್ಯಾನನ್ 20ಡಿ, 350ಡಿಯವರ ಗೋಳು ಬೇರೆ. ಅವುಗಳ ಮೆನುವಿನ ಕಮ್ಯುನಿಕೇಶನ್ ಸಾಲಿನಲ್ಲಿ ಪಿಟಿಪಿ ಅಲ್ಲದ ಇನ್ನೊಂದು ಆಯ್ಕೆ ಇದ್ದರೆ ಕ್ಯಾನನ್‌ನದೇ ಡ್ರೈವರ್ ಬೇಕು. ಪಿಟಿಪಿ ಎಂದು ಬದಲಿಸಿದರೆ ವಿಂಡೋಸ್ ತಾನೇ ಗುರುತಿಸುತ್ತದೆ. ಹುಬ್ಬಳ್ಳಿಗೆ ಹೋಗಿ ಬಂದ ಕ್ಯಾಮೆರಾ ಎಂದೆನಲ್ಲ, ಅದು ಇದೇ.

ಸೋನಿಯಲ್ಲಿ ಯುಎಸ್‌ಬಿ ಕನೆಕ್ಷನ್ ಎಂಬಲ್ಲಿ ಆಟೋ, ಮಾಸ್ ಸ್ಟೋರೇಜ್, ಎಂಟಿಪಿ, ಪಿಸಿ ರಿಮೋಟ್ ಸಿಗುತ್ತವೆ. ಪಿಸಿ ರಿಮೋಟ್‌ನಲ್ಲಿ ಬಿಟ್ಟಿದ್ದರೆ ಕಾರ್ಡಿನ ಚಿತ್ರ ಕಾಣುವುದಿಲ್ಲ. ಮಾಸ್ ಸ್ಟೋರೇಜ್ ಹಾಕಿಯೂ ಆಗದಿದ್ದರೆ ಅದರ ಕೆಳಗಿನ ಯುಎಸ್‌ಬಿ ಎಲ್‌ಯುಎನ್ ಸೆಟ್ಟಿಂಗನ್ನು ಮಲ್ಟಿಯಿಂದ ಸಿಂಗಲ್‌ಗೆ ತನ್ನಿ. ಫ್ಯೂಜಿಯಲ್ಲಿ "ಯುಎಸ್‌ಬಿ ಕಾರ್ಡ್ ರೀಡರ್" ಎಂಬ ಹೆಸರೇ ದಾರಿ ಹೇಳುತ್ತದೆ.

ಮೆನು ಸರಿ ಇದ್ದೂ ಹಳದಿ ತ್ರಿಕೋನ, ಕೋಡ್ 10 ಅಥವಾ 28 ಇದ್ದರೆ ಆಗ ಡ್ರೈವರಿನ ಸರದಿ. ಆ ಸಾಲಿನ ಮೇಲೆ ಬಲಗುಂಡಿ ಒತ್ತಿ ಅಪ್‌ಡೇಟ್ ಡ್ರೈವರ್ ಆರಿಸಿ. ಕಂಪ್ಯೂಟರಿನಲ್ಲೇ ಇರುವ ಪಟ್ಟಿಯಿಂದ ಆರಿಸುತ್ತೇನೆ ಎಂದು ಹೇಳಿ, ಪೋರ್ಟಬಲ್ ಡಿವೈಸಸ್ ಒಳಗೆ "ಎಂಟಿಪಿ ಯುಎಸ್‌ಬಿ ಡಿವೈಸ್" ಕೊಡಿ. ಎಲ್ಲೆಲ್ಲಿಂದಲೋ "ಡ್ರೈವರ್ ಫಿಕ್ಸರ್" ಇಳಿಸಬೇಡಿ, ಅವನ್ನು ತೆಗೆಯಲು ನಾನು ಬೇರೆ ಬಿಲ್ ಹಾಕಬೇಕಾಗುತ್ತದೆ. ಮಾಸ್ ಸ್ಟೋರೇಜ್ ಕ್ಯಾಮೆರಾ ಬಂದೂ ಡ್ರೈವ್ ಕಾಣದಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಬೇರೆ ಅಕ್ಷರ ಕೊಡಿ, ಆ ಅಕ್ಷರದಲ್ಲಿ ನೆಟ್‌ವರ್ಕ್ ಡ್ರೈವ್ ಕೂತಿರಬಹುದು.

ಒಂದು ಕ್ಯಾಮೆರಾವನ್ನು ಏಕಕಾಲಕ್ಕೆ ಇಬ್ಬರು ಹಿಡಿದರೂ ಕೆಲಸ ಕೆಡುತ್ತದೆ. ಲೈಟ್‌ರೂಮ್ ಟೆದರ್ ಮಾಡುವಾಗ (ತೆಗೆದ ಚಿತ್ರ ಕೇಬಲಿನಲ್ಲಿ ನೇರ ಕಂಪ್ಯೂಟರಿಗೆ ಬರುವಂತೆ ಮಾಡುವಾಗ) ಹಿಂದೆ ಕ್ಯಾನನ್‌ನ ಇಒಎಸ್ ಯುಟಿಲಿಟಿ ತೆರೆದಿದ್ದರೆ ಮುಚ್ಚಿ. ಲಿನಕ್ಸಿನಲ್ಲಿ ಫೋಟೋ ಇಳಿಸುವ ಜಿಫೋಟೋ2 ತಂತ್ರಾಂಶ "ಸಾಧನವನ್ನು ವಶಪಡಿಸಿಕೊಳ್ಳಲಾಗಲಿಲ್ಲ" ಎಂದರೆ ಡೆಸ್ಕ್‌ಟಾಪಿನಲ್ಲಿ ಡ್ರೈವುಗಳನ್ನು ತಾನೇ ತೆರೆದಿಡುವ ಜಿವಿಎಫ್‌ಎಸ್ ಅದನ್ನು ಮೊದಲೇ ಹಿಡಿದಿದೆ, ಅನ್‌ಮೌಂಟ್ ಮಾಡಿ. ಮ್ಯಾಕ್‌ನವರು ಫೈಂಡರಿನಲ್ಲಿ ಹುಡುಕುತ್ತಾರೆ. ಇಮೇಜ್ ಕ್ಯಾಪ್ಚರ್ ತೆರೆಯಿರಿ.

ಇಷ್ಟಾದರೂ ಆಗದೇ ಉಳಿಯುವವು ಇವೆ. ಹೋದ ಮಳೆಗಾಲದಲ್ಲಿ ಯಲ್ಲಾಪುರದಿಂದ ಬಂದ ಕ್ಯಾಮೆರಾ ಒಂದು ಮೂರು ಯಂತ್ರ, ನಾಲ್ಕು ಕೇಬಲಿನಲ್ಲೂ ಸದ್ದು ಮಾಡಲಿಲ್ಲ. ಕೇಬಲನ್ನು ಮೇಲಕ್ಕೆ ಎತ್ತಿ ಹಿಡಿದರೆ ಮಾತ್ರ ಒಂದು ಸಲ ಡಿಂಗ್ ಎಂದಿತು. ಒಳಗೆ ಬೋರ್ಡಿನ ಮೇಲಿನ ಬೆಸುಗೆ ಬಿರುಕು ಬಿಟ್ಟಿತ್ತು. ಬಿಚ್ಚಿ ಬೆಸೆಯಬಹುದು, ಆದರೆ ಕ್ಯಾಮೆರಾದೊಳಗೆ ಫ್ಲ್ಯಾಶಿನ ಕೆಪಾಸಿಟರ್ ಇರುತ್ತದೆ, ತಿಳಿಯದೆ ಮುಟ್ಟಿದರೆ ಕೈ ಜುಂ ಎನ್ನುವ ಮಟ್ಟದ್ದು. ಕೂಲಿಯೂ ಹಳೆಯ ಕ್ಯಾಮೆರಾದ ಬೆಲೆಯ ಹತ್ತಿರ ಬರುತ್ತದೆ. ಅವರಿಗೆ ಒಂದು ಕಾರ್ಡ್ ರೀಡರ್ ಕೊಟ್ಟು, ಕ್ಯಾಮೆರಾದ ಯುಎಸ್‌ಬಿ ಬಾಯಿಗೆ ಇನ್ನು ಕೇಬಲ್ ಹಾಕಬೇಡಿ ಎಂದು ಮೇಲೆ ಸಣ್ಣ ಟೇಪು ಅಂಟಿಸಿ ಕಳಿಸಿದೆ.